ನುಡಿ ಹಲವು, ನಿಶ್ಚಯ ಒಂದು

ಕೆರಿಬಿಯನ್ ಸಮುದ್ರದ ಇಂದಿನ ಹೈಟಿ, ಹದಿನೆಂಟನೆಯ ಶತಮಾನದಲ್ಲಿ ಸ್ಯಾಂ-ದೊಮಾಂಗ್ ಎಂಬ ಫ್ರೆಂಚ್ ವಸಾಹತಾಗಿತ್ತು. ಯೂರೋಪಿಗೆ ಸಕ್ಕರೆ, ಕಾಫಿಗಳನ್ನು ಒದಗಿಸುತ್ತಿದ್ದ ಈ ನೆಲದಲ್ಲಿ 1789ರ ವೇಳೆಗೆ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು ಮೂವತ್ತು-ನಲವತ್ತು ಸಾವಿರ ಮಾತ್ರ. ಆದರೆ ಗುಲಾಮರೆಂಬ ಒಂದೇ ಹೆಸರಿನಲ್ಲಿ ದುಡಿಯುತ್ತಿದ್ದವರು ಒಂದೇ ಜನವಾಗಿರಲಿಲ್ಲ. ಅರ್ಧಕ್ಕೂ ಹೆಚ್ಚು ಮಂದಿ ಆಫ್ರಿಕದಲ್ಲಿ ಹುಟ್ಟಿದವರು: ಕಾಂಗೋ ನಾಡಿನವರು, ಫೋನ್, ಯೊರುಬಾ, ಇಗ್ಬೋ ಜನಾಂಗದವರು. ನುಡಿ ಬೇರೆ, ದೈವ ಬೇರೆ. ಕೆಲವರಂತೂ ತಾಯ್ನೆಲದಲ್ಲಿ ಪರಸ್ಪರ ಕಾದಾಡಿ ಸೆರೆಸಿಕ್ಕವರು.

ಇಂಥವರನ್ನು ಬೆಸೆದದ್ದು ಯಾವುದು? ಮೊದಲನೆಯದು, ಆ ತೋಟಗಳಲ್ಲೇ ಬೆಳೆದ ಕ್ರಿಯೋಲ್ ಎಂಬ ನುಡಿ. ಫ್ರೆಂಚಿನ ಶಬ್ದಗಳು ಅಲ್ಲಿ ಹೊಸದೊಂದು ವ್ಯಾಕರಣದ ಎರಕದಲ್ಲಿ ಮರುಹುಟ್ಟು ಪಡೆದವು. ಎರಡನೆಯದು, ಹಲವು ನಾಡುಗಳ ದೈವಗಳಿಗೆ ಒಂದೇ ಅಂಗಳದಲ್ಲಿ ಎಡೆಕೊಟ್ಟ ವೋಡೂ ಆರಾಧನೆ. ಮೂರನೆಯದು, ತೋಟದಿಂದ ತೋಟಕ್ಕೆ ಸುದ್ದಿ ಸಾಗಿಸುತ್ತಿದ್ದ ಭಾನುವಾರದ ಸಂತೆ.

ಸಂಘಟನೆಯ ಹೊಣೆ ಹೊತ್ತವರು ಗುಲಾಮರೇ ಆಗಿದ್ದ ಮೇಸ್ತ್ರಿಗಳು, ಸಾರೋಟು ಹೊಡೆಯುವವರು. ಆಳುಗಳ ಮೇಲೆ ಚಾಟಿ ಬೀಸಲೆಂದು ಮಾಲೀಕರು ನೇಮಿಸಿದ್ದವರೇ ಆಳುಗಳ ನಾಯಕರಾದರು. 1791ರ ಆಗಸ್ಟ್ 14, ಭಾನುವಾರ, ಉತ್ತರ ಬಯಲಿನ ತೋಟಗಳಿಂದ ತಲಾ ಇಬ್ಬರಂತೆ ಸುಮಾರು 200 ಪ್ರತಿನಿಧಿಗಳು ಒಂದೆಡೆ ಸೇರಿದರು. ಬೂಕ್‌ಮಾನ್ ಅವರಲ್ಲಿ ಪ್ರಮುಖ. ಕೆಲವರು ಆತುರಪಟ್ಟು ಮೊದಲೇ ಬೆಂಕಿಯಿಟ್ಟು ಸಿಕ್ಕಿಬಿದ್ದರು, ಗುಟ್ಟು ಹೊರಬಿತ್ತು. ಬಿಳಿಯರು ಅದನ್ನು ಪೂರ್ತಿ ನಂಬಲಿಲ್ಲ. 22ರ ರಾತ್ರಿ ದಂಗೆ ಭುಗಿಲೆದ್ದಿತು. ಕೆಲವೇ ವಾರಗಳಲ್ಲಿ ನೂರಾರು ತೋಟಗಳು, ಆಲೆಮನೆಗಳು ಬೂದಿಯಾದವು. ಎರಡೂ ಕಡೆ ಕ್ರೌರ್ಯ ಮೇರೆಮೀರಿತು. ನವೆಂಬರಿನಲ್ಲಿ ಬೂಕ್‌ಮಾನ್ ಹತನಾದ; ದಂಗೆ ನಿಲ್ಲಲಿಲ್ಲ. 1794ರಲ್ಲಿ ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಬೇಕಾಯಿತು.

ಈ ಒಗ್ಗಟ್ಟಿನಲ್ಲಿ ಬಿರುಕೇ ಇರಲಿಲ್ಲವೆಂದಲ್ಲ. ಗುಲಾಮಗಿರಿಯನ್ನು ಮರಳಿ ಹೇರಲು ನೆಪೋಲಿಯನ್ ಸೇನೆ ಕಳುಹಿಸಿದ 1802ರಲ್ಲಿ, ಆಫ್ರಿಕದಲ್ಲಿ ಹುಟ್ಟಿದ ದಳಪತಿಗಳಿಗೂ ವಸಾಹತುಗಳಲ್ಲೇ ಹುಟ್ಟಿದ ಸೇನಾನಿಗಳಿಗೂ ಕದನಗಳು ನಡೆದವು. ಆದರೂ ಮರುವರ್ಷ ಫ್ರೆಂಚರು ಸೋತರು. 1804ರ ಜನವರಿ 1ರಂದು ಸ್ವತಂತ್ರವಾದ ನಾಡು, ದ್ವೀಪದ ಮೂಲನಿವಾಸಿಗಳ ಹೆಸರನ್ನೇ ಪಡೆದು ಹೈಟಿಯಾಯಿತು.

ತೋಟದಾಳುಗಳ ಬಾಯಲ್ಲಿ ಹುಟ್ಟಿದ ಕ್ರಿಯೋಲ್‌ಗೆ ಫ್ರೆಂಚಿನ ಜೊತೆ ಸಮಾನ ರಾಜಭಾಷೆಯ ಸ್ಥಾನ ದೊರೆತದ್ದು 1987ರ ಸಂವಿಧಾನದಲ್ಲಿ. ನಾಡನ್ನು ಬಿಡಿಸಿದ ನುಡಿ ತನ್ನ ಬಿಡುಗಡೆಗಾಗಿ ಇನ್ನೂ 183 ವರ್ಷ ಕಾಯಬೇಕಾಯಿತು.