ಬೆಂದಕಾಳಿಗಿಂತ ಹಳೇದು ನಮ್ಮ ಅವರೆ

ನಾಲ್ಕು ದಿನದಿಂದ ಮಂಜು ಚೆನ್ನಾಗಿ ಬೀಳ್ತಿದೆ. ಬೆಳಗ್ಗೆ ಅವರೆ ಸಾಲಿಗೆ ಇಳಿದು ಒಂದು ಮಂಕರಿ ಕಾಯಿ ಬಿಡಿಸ್ಕೊಂಡು ಬಂದೆ. ಪಂಚೆ ಮೊಣಕಾಲವರೆಗೂ ಒದ್ದೆ, ಕೈಯೆಲ್ಲ ಜಿಗಟು. ಸೋಪು ಹಾಕಿ ತೊಳೆದರೂ ಸೊಗಡು ಬಿಟ್ಟಿಲ್ಲ, ಇದನ್ನ ಬರೀತಿರೋ ಫೋನಿಗೂ ಅಂಟಿದೆ. ಜಗಲಿ ಮೇಲೆ ಎಲ್ಲರೂ ಕೂತು ಸುಲಿದೆವು. ಅರ್ಧ ಇವತ್ತಿನ ಸಾರಿಗೆ, ಇನ್ನರ್ಧ ರಾತ್ರಿ ನೆನೆಹಾಕಿ ನಾಳೆ ಹಿತುಕೋಕೆ.

ಸುಲಿಯುವಾಗ ಮಗಳು ಕೇಳಿದಳು: ಬೆಂಗಳೂರಿಗೆ ಆ ಹೆಸರು ಬಂದಿದ್ದು ಅವರೆಕಾಳಿಂದಾನಾ ಅಪ್ಪ? ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದಕಾಳು ಕೊಟ್ಟ ಕತೆ ನಿಮಗೂ ಗೊತ್ತು. ಕತೆ ಚೆನ್ನಾಗಿದೆ, ಆದರೆ ಲೆಕ್ಕ ಕೂಡಲ್ಲ. ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಯಿಂದ 13ನೇ ಶತಮಾನದ ಮೊದಲ ಭಾಗದವರೆಗೆ. ಬೇಗೂರಿನ ವೀರಗಲ್ಲಲ್ಲಿ ಸುಮಾರು 890ರಲ್ಲೇ ಬೆಂಗಳೂರು ಅನ್ನೋ ಹೆಸರು ಕೆತ್ತಿದೆ. ಅಜ್ಜಿ ಕಾಳು ಬೇಯಿಸೋಕೆ ಮುನ್ನೂರು ವರ್ಷ ಮುಂಚೆನೇ ಊರಿಗೆ ಹೆಸರಿತ್ತು.

ಆದರೆ ಅವರೆ ಅದಕ್ಕಿಂತ ಎಷ್ಟೋ ಹಳೇದು. ಬಳ್ಳಾರಿ ಹತ್ತಿರ ಸಂಗನಕಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ದನ ಸಾಕ್ಕೊಂಡು ಬದುಕಿದ್ದ ಜಾಗ ಇದೆ. ಅಲ್ಲಿ ಮಣ್ಣು ಅಗೆದು ನೀರಿಗೆ ಹಾಕಿದಾಗ ಒಲೆಯಲ್ಲಿ ಸುಟ್ಟು ಕರಕಲಾದ ಕಾಳು ಮೇಲೆ ತೇಲಿದವು. ಹುರುಳಿ, ಹೆಸರು ಜಾಸ್ತಿ. ಅದರ ಜೊತೆ ಅವರೆಯೂ ಸಿಕ್ಕಿದೆ. ಹೆಚ್ಚುಕಮ್ಮಿ ಮೂರೂವರೆ ಸಾವಿರ ವರ್ಷದ ಹಿಂದಿನ ಮಾತು. ಯಾರೋ ಹೆಂಗಸು ಸಾರು ಸೀದು ಹೋಯ್ತಲ್ಲ ಅಂತ ಬೈದುಕೊಂಡಿರಬೇಕು, ನಮಗೆ ಅದೇ ದಾಖಲೆ ಆಯ್ತು.

ಹುರುಳಿ ಈ ನೆಲದ್ದೇ. ಅವರೆ ಅಲ್ಲ, ಅದರ ಕಾಡು ತಳಿ ಇರೋದು ಆಫ್ರಿಕಾದಲ್ಲಿ. ರಾಗಿಯೂ ಅಲ್ಲಿಂದಲೇ ಬಂದಿದ್ದು. ಮುದ್ದೆ ಮತ್ತು ಅವರೆಕಾಳು ಸಾರಿಗಿಂತ ನಮ್ಮದು ಅನ್ನೋ ಊಟ ಇನ್ನೊಂದಿಲ್ಲ, ನೋಡಿದರೆ ಎರಡೂ ಕಡಲು ದಾಟಿ ಬಂದ ನೆಂಟರು. ಬಂದವು, ಇಲ್ಲಿನ ಕೆಮ್ಮಣ್ಣಲ್ಲಿ ಜೊತೆಯಾಗಿ ನಿಂತವು.

ಜೊತೆಯಾಗಿ ಅಂತ ಸುಮ್ಮನೆ ಹೇಳ್ತಿಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಕಂಪನಿ ಸರ್ಕಾರ ನಮ್ಮ ಸೀಮೆ ನೋಡಿ ಬರೋಕೆ ಕಳಿಸ್ತು. ಯಾವ ಊರಲ್ಲಿ ಏನು ಬಿತ್ತುತ್ತಾರೆ, ಹೆಂಗೆ ಕೂರಿಗೆ ಹೊಡೀತಾರೆ ಅಂತ ಕೇಳಿ ಕೇಳಿ ಬರ್ಕೊಂಡ. ಆ ಪುಸ್ತಕ 1807ರಲ್ಲಿ ಲಂಡನ್ನಲ್ಲಿ ಅಚ್ಚಾಯ್ತು. ರಾಗಿ ನಡುವೆ ಸಾಲಾಗಿ ಅವರೆ, ತೊಗರಿ ಹಾಕೋದನ್ನ ಅದರಲ್ಲಿ ಬರೆದಿದ್ದಾನೆ. ಅಂದರೆ ನಮ್ಮ ಅಕ್ಕಡಿ ಸಾಲೇ.

ಅಕ್ಕಡಿಯ ಗುಟ್ಟು ಇರೋದು ಅವರೆಯ ಒಂದು ಹಠದಲ್ಲಿ. ನಾಡ ಅವರೆ ಹಗಲು ಸಣ್ಣದಾಗೋವರೆಗೂ ಹೂ ಬಿಡಲ್ಲ. ಆಷಾಢದಲ್ಲಿ ಹಾಕಿ, ಶ್ರಾವಣದಲ್ಲಿ ಹಾಕಿ, ಅದು ತನ್ನ ಕಾಲಕ್ಕೆ ಕಾಯುತ್ತೆ. ಅಲ್ಲಿವರೆಗೂ ರಾಗಿ ಅಡಿಯಲ್ಲಿ ತೆಪ್ಪಗೆ ಇರುತ್ತೆ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅದರದ್ದೇ. ಮಳೆ ನಿಂತಿದ್ದರೂ ನೆಲದಲ್ಲಿ ಉಳಿದ ತೇವ, ಮೇಲಿನ ಮಂಜು ಸಾಕು. ಸಂಕ್ರಾಂತಿಗೆ ಕಬ್ಬು, ಗೆಣಸು, ಕಡ್ಲೆಕಾಯಿ ಜೊತೆ ಅವರೆಕಾಯಿ ಬೇಯಿಸೋ ಪದ್ಧತಿಯನ್ನ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಆಗ ಹೊಲದಲ್ಲಿ ಇದ್ದಿದ್ದೇ ಅದು.

ಹಗಲಿನ ಲೆಕ್ಕ ನೋಡದೆ ಯಾವ ತಿಂಗಳು ಹಾಕಿದರೂ ಕಾಯಿ ಬಿಡೋ ಹೆಬ್ಬಾಳ ಅವರೆ ತಳಿಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದವು. ಅದನ್ನ ನಾನು ಹಳಿಯಲ್ಲ. ಬೇಸಿಗೆಯಲ್ಲಿ ಅದೇ ಅವರೆ ಮಾರಿ ಮಗಳ ಫೀಸು ಕಟ್ಟಿದ್ದೀನಿ. ಸೊಗಡು ಮಾತ್ರ ಆ ಮಟ್ಟಕ್ಕಿಲ್ಲ, ತಿಂದವರಿಗೆ ಗೊತ್ತು.

ನಮ್ಮಲ್ಲಿ ನಾಡ ಅವರೆ ಕಮ್ಮಿಯಾಗಿದ್ದಕ್ಕೆ ಬೇರೆ ಕಾರಣ ಇದೆ. ರಾಗಿ ಕಟಾವಿಗೆ ಮಷೀನು ಬಂತು, ಅದಕ್ಕೆ ಅಕ್ಕಡಿ ಸಾಲು ಅಡ್ಡ. ಅಗಲ ಎಲೆ ಕಳೆಗೆ ಹೊಡೆಯೋ ಔಷಧಿ ಅವರೆಯನ್ನೂ ಬಿಡಲ್ಲ. ನಾನೂ ಐದು ವರ್ಷ ಬರೀ ರಾಗಿ ಹಾಕಿದೆ. ಆಮೇಲೆ ಬಿತ್ತೋಣ ಅಂತ ಅಟ್ಟದ ಮೇಲಿನ ಮಡಕೆ ಇಳಿಸಿದರೆ ಅಜ್ಜಿ ಕಾಲದಿಂದ ಬಂದ ಬೀಜ ಹುಳ ಹಿಡಿದು ಹಿಟ್ಟಾಗಿತ್ತು. ಪ್ರತಿ ವರ್ಷ ಬಿತ್ತಿ ಹೊಸ ಬೀಜ ತುಂಬಬೇಕಿತ್ತು, ನಾನು ತುಂಬಲಿಲ್ಲ. ಅವತ್ತು ಅಮ್ಮ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗಿರೋದು ಸೋದರತ್ತೆ ಮನೆಯಿಂದ ತಂದ ಎರಡು ಸೇರಿನಿಂದ ಆಗಿದ್ದು. ಮೂರು ವರ್ಷ ಆಯ್ತು. ಈ ಸಲ ಬಾವಿ ಪಕ್ಕದ ಎರಡು ಸಾಲನ್ನ ಕಾಯಿಗೆ ಮುಟ್ಟದೆ ಬೀಜಕ್ಕೇ ಬಿಟ್ಟಿದ್ದೀನಿ. ಒಣಗಿದ ಮೇಲೆ ಅಮ್ಮ ಕೆಮ್ಮಣ್ಣು ಕಟ್ಟಿ ಇಡ್ತಾರೆ. ಅಕ್ಕಡಿ ಹಾಕೋರು ಯಾರಾದರೂ ಇದ್ದರೆ ಶಿವರಾತ್ರಿ ಕಳೆದ ಮೇಲೆ ಬನ್ನಿ, ತಲಾ ಒಂದು ಸೇರು ಕೊಡ್ತೀನಿ. ದುಡ್ಡು ಬೇಡ. ಮುಂದಿನ ವರ್ಷ ಒಂದೂವರೆ ಸೇರು ವಾಪಸ್ ಕೊಡಿ.