ಕಡಲಿನ ಪಾದರಸ: ಒಂದು ಕಾರಣಶೋಧನೆಯ ಚರಿತ್ರೆ

ಕಾಗೆ ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಒಂದೇ ಗಳಿಗೆಯಲ್ಲಿ ನಡೆದರೆ, ಕಾಗೆಯೇ ಹಣ್ಣನ್ನು ಕೆಡವಿತೆಂದು ಹೇಳಲಾಗದು. ಇದನ್ನೇ ನಮ್ಮ ಹಿರಿಯರು ಕಾಕತಾಳೀಯವೆಂದು ಕರೆದರು. ಹಾಗಾದರೆ ನಿಜವಾದ ಕಾರಣವನ್ನು ಗುರುತಿಸುವ ಬಗೆ ಯಾವುದು? ತರ್ಕಶಾಸ್ತ್ರವು ಅನ್ವಯ, ವ್ಯತಿರೇಕವೆಂಬ ಎರಡು ಮಾರ್ಗಗಳನ್ನು ತೋರಿಸಿದೆ. ಕಾರಣವಿದ್ದೆಡೆ ಕಾರ್ಯವಿರಬೇಕು, ಕಾರಣವಿಲ್ಲದೆಡೆ ಕಾರ್ಯವೂ ಇರಬಾರದು. ಈ ಹಳೆಯ ಸೂತ್ರದ ಬೆಲೆಯನ್ನು ಜಪಾನಿನ ಮಿನಮಾಟ ಕೊಲ್ಲಿಯ ಚರಿತ್ರೆಯಲ್ಲಿ ನಾವು ಕಾಣಬಹುದು.

ಮಿನಮಾಟದ ಚಿಸ್ಸೋ ಕಾರ್ಖಾನೆಯು 1932ರಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸತೊಡಗಿತು. ಅದಕ್ಕೆ ಪಾದರಸವನ್ನು ಬಳಸುತ್ತಿದ್ದರು. ಮಿಕ್ಕ ಕೊಳೆನೀರು ಕಡಲಿಗೆ ಹರಿಯುತ್ತಿತ್ತು. 1950ರ ದಶಕದಲ್ಲಿ ಅಲ್ಲಿಯ ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರ ಮೇ 1ರಂದು, ಕೈಕಾಲು ನಡುಗಿ ಮಾತು ತೊದಲುವ ಹೊಸ ರೋಗವೊಂದು ಜನರಲ್ಲಿ ಕಾಣಿಸಿದೆಯೆಂದು ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥರಾದ ಹೊಸೊಕಾವಾ ಅವರಿಂದ ಆರೋಗ್ಯ ಕಚೇರಿಗೆ ವರದಿ ಹೋಯಿತು.

ಕಾರಣವಾವುದು? ಮ್ಯಾಂಗನೀಸ್ ಎಂದರು ಕೆಲವರು. ಸೆಲೆನಿಯಮ್, ಥ್ಯಾಲಿಯಮ್ ಎಂದರು ಮತ್ತೆ ಕೆಲವರು. ಯುದ್ಧಕಾಲದ ಸಿಡಿಮದ್ದು ಕಡಲಿನಲ್ಲಿದೆಯೆಂದೂ, ಕೊಳೆತ ಮೀನೇ ವಿಷವೆಂದೂ ವಾದಗಳು ಹುಟ್ಟಿದವು. 1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಪಾದರಸದ ಸಾವಯವ ಸಂಯುಕ್ತವೇ ಕಾರಣವೆಂದು ತಿಳಿಸಿದರು.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. 1958ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯು ಕೊಳೆನೀರಿನ ದಾರಿಯನ್ನು ಬಂದರಿನಿಂದ ಮಿನಮಾಟ ನದಿಯ ಮುಖಕ್ಕೆ ತಿರುಗಿಸಿತು. ಮರುವರ್ಷವೇ ಆ ಭಾಗದಲ್ಲಿಯೂ ಹೊಸ ರೋಗಿಗಳು ಕಂಡುಬಂದರು. ಕಡಲು ಅದೇ, ಜನರ ಊಟ ಅದೇ. ಬದಲಾದುದು ನೀರಿನ ದಾರಿಯೊಂದೇ. ದಾರಿಯ ಹಿಂದೆಯೇ ರೋಗವೂ ನಡೆಯಿತು. ಅದೇ ವರ್ಷ ಹೊಸೊಕಾವಾ ಅವರು ಕೊಳೆನೀರನ್ನು ಆಹಾರದೊಡನೆ ಬೆಕ್ಕಿಗೆ ಉಣಿಸಿದಾಗ, ಅದಕ್ಕೂ ಆ ರೋಗವೇ ತಗುಲಿತು. ಆದರೆ ಆಡಳಿತವು ಆ ಫಲಿತಾಂಶವನ್ನು ಹೊರಗೆಡಹಗೊಡಲಿಲ್ಲ. ಜಪಾನ್ ಸರ್ಕಾರವು ಕಾರಣವನ್ನು ಒಪ್ಪಿದುದು 1968ರ ಸೆಪ್ಟೆಂಬರಿನಲ್ಲಿ. ತಿಳಿದುದಕ್ಕೂ ಒಪ್ಪಿದುದಕ್ಕೂ ನಡುವೆ ಒಂಬತ್ತು ವರ್ಷಗಳು ಸಂದವು. ಆ ಅವಧಿಯ ಬಹುಭಾಗ ವಿಷವು ಹರಿಯುತ್ತಲೇ ಇದ್ದಿತು.

ನಮ್ಮ ಕನ್ನಡ ಕರಾವಳಿಯೂ ಈ ಪ್ರಶ್ನೆಗೆ ಹೊರತಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಪಾದರಸವನ್ನು ಕುರಿತು ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ವಿಜ್ಞಾನಿಗಳು 1990ರಲ್ಲಿ ಲೇಖನವನ್ನು ಪ್ರಕಟಿಸಿದರು. ಇಂತಹ ವಿಚಾರದಲ್ಲಿ ಅಳತೆಯೊಂದೇ ಸಾಲದು. ಪಾದರಸವು ಕಾರ್ಖಾನೆಯಿಂದ ಮಾತ್ರವಲ್ಲ, ಜ್ವಾಲಾಮುಖಿಯಿಂದ, ಕಲ್ಲಿದ್ದಲಿನ ಹೊಗೆಯಿಂದ, ಮಳೆಯಿಂದ, ನದಿಯಿಂದಲೂ ಕಡಲನ್ನು ಸೇರುತ್ತದೆ. ಮುಂಗಾರಿನ ಅಳತೆಯನ್ನು ಬೇಸಗೆಯ ಅಳತೆಯೊಡನೆ ಹೋಲಿಸಿ ಕಾರ್ಖಾನೆಯನ್ನು ದೂರಿದರೆ ಅದು ಕಾಕತಾಳೀಯವಾದೀತು. ಮಳೆಯನ್ನೇ ನೆಪವಾಗಿಸಿ ಕಾರ್ಖಾನೆಯನ್ನು ಬಿಟ್ಟುಬಿಟ್ಟರೆ ಅದೂ ಅನ್ಯಾಯವೇ. ಒಂದೇ ಋತುವಿನಲ್ಲಿ, ಕೊಳೆನೀರು ಬೀಳುವ ಕೊಲ್ಲಿಯನ್ನೂ ಬೀಳದ ಕೊಲ್ಲಿಯನ್ನೂ ಹೋಲಿಸಬೇಕು. ದೂರ ಸರಿದಂತೆ ಪಾದರಸವು ತಗ್ಗುವುದೇ ಎಂದು ನೋಡಬೇಕು. ಹರಿವು ನಿಂತ ಮೇಲೆ ಏನಾಯಿತೆಂದು ಕೇಳಬೇಕು.

ಬೆಟ್ಟದ ಮೇಲಿರುವ ನಮಗೆ ಕಡಲಿನ ಚಿಂತೆ ಏಕೆಂದು ಕೆಲವರು ಕೇಳಬಹುದು. ತಾಳವಾಡಿಯ ಬೆಟ್ಟಗಳ ನೀರು ಚಿಕ್ಕಹೊಳೆಯಾಗಿ ಸುವರ್ಣಾವತಿಯನ್ನೂ, ಅಲ್ಲಿಂದ ಕಾವೇರಿಯನ್ನೂ ಸೇರಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಪಾದರಸವನ್ನು ಹತೋಟಿಗೆ ತರಲು 2013ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಟ್ಟರು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಒಪ್ಪಂದಗಳು ಫಲಿಸಬೇಕಾದರೆ ಕಾರಣವನ್ನು ಸರಿಯಾಗಿ ಕೇಳಬಲ್ಲ ಪ್ರಜೆಗಳು ಬೇಕು. ಅಂಥವರನ್ನು ಸಿದ್ಧಗೊಳಿಸುವುದು ನಮ್ಮ ಶಾಲೆಗಳ ಕರ್ತವ್ಯ.