ಮಾತಾಡಲಾರದವನ ಕುತ್ತಿಗೆ

ಅಪಘಾತದಲ್ಲಿ ಗಾಯಗೊಂಡವನ ಕುತ್ತಿಗೆಯನ್ನು ಪರೀಕ್ಷಿಸುವ ವೈದ್ಯನು ನೋವು ಎಲ್ಲಿದೆ ಎಂದು ಕೇಳುತ್ತಾನೆ. ಪ್ರಜ್ಞೆಯಿರುವವನು ಉತ್ತರ ಹೇಳುತ್ತಾನೆ. ಪ್ರಜ್ಞೆ ತಪ್ಪಿದವನು ಹೇಳಲಾರ. ಅವನ ಕತ್ತಿನ ಮೂಳೆ ಮುರಿದಿದ್ದು, ಅದನ್ನರಿಯದೆ ಹೊರಳಿಸಿದರೆ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ರೋಗಿ ಮೌನವಾಗಿರುವಾಗ ಯಾರ ಸಾಕ್ಷ್ಯವನ್ನು ನಂಬಬೇಕು? ಈ ಪ್ರಶ್ನೆಗೆ ದೀರ್ಘ ಚರಿತ್ರೆಯಿದೆ.

1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ನನು ಈಜಿಪ್ಟಿನ ಲಕ್ಸರ್‌ನಲ್ಲಿ ಒಂದು ಪಪೈರಸ್ ಸುರುಳಿಯನ್ನು ಕೊಂಡನು. ಅದು ಸುಮಾರು ಕ್ರಿ.ಪೂ. 1600ರ ಪ್ರತಿ, ಮೂಲಗ್ರಂಥ ಇನ್ನೂ ಹಳೆಯದು. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1930ರಲ್ಲಿ ಅದರ ಅನುವಾದವನ್ನು ಪ್ರಕಟಿಸಿದರು. ಅದರ 48 ಪ್ರಕರಣಗಳಲ್ಲಿ ಕುತ್ತಿಗೆಯ ಮೂಳೆಯ ಗಾಯಗಳೂ ಇವೆ. ಕತ್ತು ಉಳುಕಿದವನಿಗೆ ತನ್ನ ಹೆಗಲನ್ನೂ ಎದೆಯನ್ನೂ ನೋಡಿಕೊಳ್ಳುವಂತೆ ಹೇಳಿ, ಆಗ ನೋವಾಗುವುದೇ ಎಂದು ಪರೀಕ್ಷಿಸಬೇಕೆಂದು ಅಲ್ಲಿ ಸೂಚಿಸಲಾಗಿದೆ. 33ನೆಯ ಪ್ರಕರಣ ಬೇರೆ ಬಗೆಯದು. ಆ ಮನುಷ್ಯ ತಲೆಕೆಳಗಾಗಿ ಬಿದ್ದು, ಒಂದು ಮೂಳೆ ಇನ್ನೊಂದರೊಳಕ್ಕೆ ಜಜ್ಜಿಹೋಗಿದೆ. ಅವನು ಮಾತಾಡಲಾರ, ಅವನಿಗೆ ಕೈಕಾಲುಗಳ ಅರಿವಿಲ್ಲ. ಇದು ಚಿಕಿತ್ಸೆ ಮಾಡತಕ್ಕ ವ್ಯಾಧಿಯಲ್ಲ ಎಂಬುದೇ ಗ್ರಂಥಕಾರನ ತೀರ್ಪು.

ಈ ತೀರ್ಪು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದವರೆಗೂ ಉಳಿಯಿತು. ಬೆನ್ನುಹುರಿ ತುಂಡಾದವರು ಹಾಸಿಗೆಹುಣ್ಣಿನಿಂದಲೋ ಮೂತ್ರಕೋಶದ ಸೋಂಕಿನಿಂದಲೋ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಆರಂಭಿಸಿದ ವಿಭಾಗವು ಇಂಥವರೂ ಬದುಕಬಲ್ಲರೆಂದು ತೋರಿಸಿತು. ಚಿಕಿತ್ಸೆ ಸಾಧ್ಯವೆಂದಾದ ಮೇಲೆ, ಗಾಯವನ್ನು ಮೊದಲೇ ಗುರುತಿಸುವ ಹೊಣೆ ಇನ್ನೂ ಹೆಚ್ಚಿತು.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣವು ಮೂಳೆಯೇ ಸಾಕ್ಷಿ ಹೇಳುವಂತೆ ಮಾಡಿತು. ಆದರೆ ಆ ಸಾಕ್ಷಿಯೂ ಅರೆಬರೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಕತ್ತಿನ ಕೆಳತುದಿಯನ್ನು ಹೆಗಲು ಮರೆಮಾಡುತ್ತದೆ. ಮೇಲಿನ ಎರಡು ಮೂಳೆಗಳ ಚಿತ್ರಕ್ಕೆ ರೋಗಿ ಬಾಯಿ ತೆರೆಯಬೇಕು. ಉಸಿರಾಟದ ನಳಿಕೆ ಹಾಕಿಸಿಕೊಂಡು ಪ್ರಜ್ಞೆಯಿಲ್ಲದೆ ಮಲಗಿದವನು ಅದನ್ನು ಮಾಡಲಾರ.

1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆತಜ್ಞರ ಪುಟ್ಟ ವಿಮಾನ ನೆಲಕ್ಕಪ್ಪಳಿಸಿತು. ಪತ್ನಿ ತೀರಿಕೊಂಡರು, ಮಕ್ಕಳು ಗಾಯಗೊಂಡರು. ಸ್ಥಳೀಯವಾಗಿ ದೊರೆತ ಆರೈಕೆಯ ಕೊರತೆಯನ್ನು ಕಂಡ ಅವರು 1978ರಲ್ಲಿ ಸಹೋದ್ಯೋಗಿಗಳೊಡನೆ ಒಂದು ತರಬೇತಿಯನ್ನು ರೂಪಿಸಿದರು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ಕೈಗೆತ್ತಿಕೊಂಡಿತು. ಮುಂದೆ ಅದು ಹಲವು ದೇಶಗಳಿಗೆ ಹರಡಿತು. ಉಸಿರಿನ ದಾರಿಯನ್ನು ಕಾಪಾಡುವಾಗಲೇ ಕುತ್ತಿಗೆಯನ್ನೂ ಅಲುಗಿಸದಂತೆ ಹಿಡಿಯಬೇಕು, ಪೆಟ್ಟಿಲ್ಲವೆಂದು ಸಿದ್ಧವಾಗುವವರೆಗೆ ಪೆಟ್ಟಿದೆಯೆಂದೇ ತಿಳಿಯಬೇಕು ಎಂಬುದು ಅದರ ಪಾಠ. ಗಟ್ಟಿ ಕಾಲರ್ ಈ ಎಚ್ಚರಿಕೆಯ ಗುರುತಾಯಿತು.

ಯಾರಿಗೆ ಚಿತ್ರವೇ ಬೇಡ ಎಂಬುದನ್ನು ತಿಳಿಸುವ ನಿಯಮಗಳು ಮುಂದೆ ಬಂದವು. 2000ದಲ್ಲಿ ಪ್ರಕಟವಾದ ನೆಕ್ಸಸ್ ಅಧ್ಯಯನವು ಅಮೆರಿಕದ 21 ಆಸ್ಪತ್ರೆಗಳ 34,069 ರೋಗಿಗಳನ್ನು ಪರಿಶೀಲಿಸಿತು. ಕತ್ತಿಗೆ ಪೆಟ್ಟಾಗಿದ್ದ 818 ಮಂದಿಯಲ್ಲಿ ಅದರ ಐದು ಲಕ್ಷಣಗಳ ಜರಡಿಯಿಂದ ತಪ್ಪಿಸಿಕೊಂಡವರು ಎಂಟೇ ಜನ. ಆದರೆ ಆ ಐದರಲ್ಲಿ ಒಂದು, ರೋಗಿ ಪೂರ್ಣ ಎಚ್ಚರದಿಂದಿರಬೇಕೆಂಬುದು. 2001ರ ಕೆನಡಾದ ನಿಯಮವೂ ಎಚ್ಚರವಿದ್ದವರಿಗೇ ಮೀಸಲು. ಪ್ರಜ್ಞೆಯಿಲ್ಲದವನು ಈ ಸೌಲಭ್ಯದ ಹೊರಗೇ ಉಳಿದನು.

ಹೀಗಾಗಿ ಅಂಥವರಿಗೆ ಹಲವೊಮ್ಮೆ ದಿನಗಟ್ಟಲೆ ಕಾಲರ್ ತೆಗೆಯುತ್ತಿರಲಿಲ್ಲ. ಅದರಡಿ ಚರ್ಮ ಹುಣ್ಣಾಗುತ್ತಿತ್ತು. ಕೊರಳಿನ ರಕ್ತನಾಳಗಳನ್ನು ಒತ್ತಿ ತಲೆಬುರುಡೆಯೊಳಗಿನ ಒತ್ತಡವೂ ಏರುತ್ತಿತ್ತು. ಕಾಪಾಡಲೆಂದು ತೊಡಿಸಿದ್ದೇ ಪೀಡಿಸತೊಡಗಿತು. ಎಂ.ಆರ್.ಐ. ಮೂಳೆಗಳ ನಡುವಿನ ಕಟ್ಟುಗಳನ್ನೂ ತೋರಿಸಬಲ್ಲದು. ಆದರೆ ಯಂತ್ರಗಳ ಬಲದಿಂದ ಉಸಿರಾಡುವವನನ್ನು ಅದರೊಳಗೆ ಬಹಳ ಹೊತ್ತು ಮಲಗಿಸುವುದೂ ಅಪಾಯವೇ. ಈ ನಡುವೆ ಸಿ.ಟಿ. ಸ್ಕ್ಯಾನ್ ಬಹಳಷ್ಟು ಸೂಕ್ಷ್ಮವಾಯಿತು. 2015ರಲ್ಲಿ ಅಮೆರಿಕದ ಅಪಘಾತ ಶಸ್ತ್ರವೈದ್ಯರ ಒಂದು ಸಂಘವು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಪ್ರಜ್ಞೆಯಿಲ್ಲದ ವಯಸ್ಕರಲ್ಲಿ ಉತ್ತಮ ಗುಣಮಟ್ಟದ ಸಿ.ಟಿ. ದೋಷವಿಲ್ಲವೆಂದು ತೋರಿಸಿದರೆ ಕಾಲರ್ ತೆಗೆಯಬಹುದು ಎಂದು ಅದು ಷರತ್ತಿನೊಡನೆ ಶಿಫಾರಸು ಮಾಡಿತು. ಹೀಗೆ ಕಾಲರ್ ತೆಗೆದ ಮೇಲೆ ಹೊಸದಾಗಿ ಪಾರ್ಶ್ವವಾಯು ಬಂದದ್ದು ಆ ಅಧ್ಯಯನಗಳಲ್ಲಿ ಕಾಣಲಿಲ್ಲ. ಆದರೂ ಕೈಕಾಲುಗಳ ಚಲನೆಯಲ್ಲಿ ಅನುಮಾನ ಕಂಡರೆ ಎಂ.ಆರ್.ಐ. ಬೇಕೆನ್ನುವ ವೈದ್ಯರಿದ್ದಾರೆ, ಆ ವಾದ ನಿರಾಧಾರವಲ್ಲ.

ಈ ಚರಿತ್ರೆ ಆಸ್ಪತ್ರೆಯೊಳಗಿನದು. ಕುತ್ತಿಗೆಯ ಮೇಲೆ ಮೊದಲು ಕೈಯಿಡುವವರಾದರೋ ಅನೇಕ ವೇಳೆ ದಾರಿಹೋಕರು. ಭಾರತದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರಿ ಲೆಕ್ಕ ಹೇಳುತ್ತದೆ. ದೆಹಲಿ, ಮುಂಬಯಿ, ಪುಣೆಗಳನ್ನು ಬೆಂಗಳೂರಿನ ಮೂಲಕ ಚೆನ್ನೈಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಬ್ಬಹರಿದಿನಗಳಿಗೆ ಊರಿಗೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸುವುದು ಕರುಣೆಯಿಂದಲೇ ಆಗುವ ಕೆಲಸ. ಆದರೆ ಉಸಿರು ಸರಾಗವಾಗಿದ್ದು, ಬೆಂಕಿಯಂಥ ಅಪಾಯವಿಲ್ಲದಿದ್ದರೆ, ತಲೆ ಅಲುಗದಂತೆ ಎರಡು ಕೈಗಳಿಂದ ಹಿಡಿದು ಆಂಬ್ಯುಲೆನ್ಸಿಗಾಗಿ ಕಾಯುವುದು ಅದಕ್ಕಿಂತ ಹಿರಿದಾದ ಕರುಣೆ. ಹೀಗೆ ನೆರವಾಗುವವರ ರಕ್ಷಣೆಗೆ ಕರ್ನಾಟಕ 2016ರಲ್ಲೇ ಮಸೂದೆ ಅಂಗೀಕರಿಸಿ ಮುಂದೆ ಕಾಯಿದೆ ಮಾಡಿದೆ. ಅದೇ ವರ್ಷ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಗಳನ್ನು ಎತ್ತಿಹಿಡಿದಿದೆ. ಮಾತಾಡಲಾರದವನ ಪರವಾಗಿ ಯಂತ್ರ ಸಾಕ್ಷಿ ಹೇಳುವುದು ಅವನು ಆಸ್ಪತ್ರೆ ತಲುಪಿದ ಮೇಲೆ. ಅಲ್ಲಿಯವರೆಗೆ ಆ ಹೊಣೆ ನಮ್ಮದು.